ಹದಿನೇಳನೇ ನಂಬರಿನ ಹಾಜರಿ

ಹದಿನೇಳನೇ ನಂಬರಿನ ಮುಖ ಹೊಂದುತ್ತಿಲ್ಲ ಎಂದು ಹೊಸ ಸಾಫ್ಟ್‌ವೇರು ಮೂರನೇ ಸಲವೂ ಕೆಂಪು ಗೆರೆ ತೋರಿಸಿದಾಗ ಹಾಜರಿ ಅಕ್ಕ ಮೌಸಿನಿಂದ ಕೈ ತೆಗೆದಳು. ಹೊಂದುವುದಾದರೂ ಹೇಗೆ? ದಾಖಲೆಯಲ್ಲಿದ್ದ ಹೆಸರು, ಫೋಟೋ ಎರಡೂ ಗಂಡಸಿನವು. ಕ್ಯಾಮೆರಾದ ಮುಂದೆ ಸ್ಟೂಲಿನ ಮೇಲೆ ಮುದುಡಿ ಕುಳಿತಿದ್ದವಳು ಅವನ ಹೆಂಡತಿ. ಅವನು ಸತ್ತು ಆರು ವರ್ಷವಾಗಿತ್ತು.

ಭಟ್ಟಿಯಲ್ಲಿ ಗಾಜು ಕರಗಿಸಿ ಔಷಧಿ ಬಾಟಲಿ ಮಾಡುವ ಆ ಕಾರ್ಖಾನೆಯಲ್ಲಿ ಆಗ ಇದ್ದದ್ದೇ ಇಪ್ಪತ್ತಮೂರು ಜನ. ಬಾಟಲಿಯನ್ನು ದೀಪಕ್ಕೆ ಹಿಡಿದು ಬಿರುಕು ಹುಡುಕುವ ಕೆಲಸದವನು ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ಆಗಿನ ಯಜಮಾನರು ಅವನ ಹೆಂಡತಿಯನ್ನು ಕರೆಸಿ ಅದೇ ದೀಪದ ಮುಂದೆ ಕೂರಿಸಿದರು. ಹೊಸ ಕಾಗದಪತ್ರದ ತಂಟೆ ಬೇಡ, ನಂಬರು ಅವನದೇ ಇರಲಿ ಎಂದು ಬಾಯಿಮಾತಿನಲ್ಲಿ ಹೇಳಿದರು. ಇಪ್ಪತ್ತು ವರ್ಷದಿಂದ ಹಾಜರಿ ಪುಸ್ತಕ ಬರೆದು ಬರೆದು ಅದೇ ಹೆಸರಾಗಿಹೋಗಿದ್ದ ಅಕ್ಕ ದಿನವೂ ಸತ್ತವನ ಹೆಸರಿನ ಮುಂದೆ ಗುರುತು ಹಾಕುತ್ತ ಬಂದಳು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ. ಎಲ್ಲರೂ ಎಲ್ಲರನ್ನೂ ಬಲ್ಲ ಕಡೆ ಅದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಯಜಮಾನರು ತೀರಿಕೊಂಡರು, ಎರಡನೇ ಕಟ್ಟಡ ಎದ್ದಿತು, ಜನ ನಾನೂರು ದಾಟಿದರು. ನಾಳೆಯಿಂದ ಹಾಜರಿ ಪುಸ್ತಕವಿಲ್ಲ. ಗೇಟು ಮುಖ ನೋಡಿಯೇ ತೆರೆದುಕೊಳ್ಳುತ್ತದೆ.

ಸಿಬ್ಬಂದಿ ವಿಭಾಗಕ್ಕೆ ಹೊಸದಾಗಿ ಬಂದ ಮ್ಯಾನೇಜರಮ್ಮ ಕೆಟ್ಟವಳೇನಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಇದ್ದಬದ್ದ ದಾರಿಯನ್ನೆಲ್ಲ ತಡಕಿದಳು. ಹೆಸರು ತಿದ್ದೋಣವೆಂದರೆ ಒಂದು ನಂಬರಿಗೆ ಒಂದೇ ಗುರುತಿನ ಚೀಟಿ, ಬದಲಿಸುವಂತಿಲ್ಲ. ಹೊಸದಾಗಿ ಸೇರಿಸಿಕೊಳ್ಳೋಣವೆಂದರೆ ಮೂವತ್ತೈದು ದಾಟಿದವರನ್ನೂ ಹತ್ತನೇ ತರಗತಿ ಮುಗಿಸದವರನ್ನೂ ಸಾಫ್ಟ್‌ವೇರು ಹೊಸ್ತಿಲು ತುಳಿಯಲು ಬಿಡುವುದಿಲ್ಲ. ಇವಳಿಗೆ ನಲವತ್ತೆಂಟು, ಓದಿದ್ದು ನಾಲ್ಕನೇ ತರಗತಿ. ಮೇಲಿನವರಿಗೆ ಫೋನು ಮಾಡಿದ್ದಕ್ಕೆ, ಒಬ್ಬರಿಗೋಸ್ಕರ ನಿಯಮ ಬದಲಿಸಲಾಗುವುದಿಲ್ಲ ಎಂಬ ಉತ್ತರ ಬಂತು. ಇನ್ನು ಉಳಿದದ್ದು ಹದಿನೇಳನೇ ನಂಬರನ್ನು ಮುಚ್ಚಿಬಿಡುವುದೊಂದೇ. ಕಾರಣಗಳ ಪಟ್ಟಿಯಲ್ಲಿ ರಾಜೀನಾಮೆ, ನಿವೃತ್ತಿಗಳ ಕೆಳಗೆ ನಿಧನ ಎಂಬುದೂ ಇತ್ತು.

ಹೆಂಗಸು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿಯಿರುವ ಮಗಳು. ದುಡಿಯುವ ಕೈ ಇದೊಂದೇ. ಅಕ್ಕ ಅವಳ ಮುಖ ನೋಡಲಾರದೆ, ನಿಧನ ಎಂಬುದನ್ನು ಆರಿಸಿ, ಇದ್ದದ್ದು ಇದ್ದ ಹಾಗೆ ಆರು ವರ್ಷದ ಹಿಂದಿನ ತಾರೀಕು ಒತ್ತಿದಳು. ಅಲ್ಲಿಂದೀಚಿನ ಅಷ್ಟೂ ಹಾಜರಿ ಕಣ್ಣೆದುರೇ ಕೆಂಪಾಯಿತು. ಮರಣದ ನಂತರವೂ ಹಾಜರಿ ಇದೆ, ವಂಚನೆಯೆಂದು ತನಿಖೆಗೆ ಕಳುಹಿಸಬೇಕೆ ಎಂದು ಸಾಫ್ಟ್‌ವೇರು ಕೇಳಿತು.

“ಹಾಗಾದ್ರೆ ಆರು ವರ್ಷ ನಾನು ಬಂದೇ ಇಲ್ವಾ ಅಕ್ಕ?” ಎಂದಳು ಹೆಂಗಸು.

ಮ್ಯಾನೇಜರಮ್ಮ ಎದ್ದು ನಿಂತಳು. “ತಾರೀಕು ನೀವೇ ನೋಡಿ ಹಾಕಿ. ನಾನು ಟೀ ಕುಡಿದು ಬರ್ತೀನಿ,” ಎಂದು ಹಿಂತಿರುಗಿ ನೋಡದೆ ಹೊರಟುಹೋದಳು.

ಒಂದು ಸಾಲು ಬರೆಯಲು ಸೋಮಾರಿತನ ಮಾಡಿ, ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡು ಆರು ವರ್ಷ ಮೆರೆದೆನಲ್ಲ ಎಂದು ಅಕ್ಕನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. “ತಪ್ಪು ನಂದೇ ಕಣೇ. ಅವತ್ತೇ ನಿನ್ನ ಹೆಸರು ಬರೆದಿದ್ರೆ ಇವತ್ತು ನಿನ್ನನ್ನ ಯಾರೂ ಅಲ್ಲಾಡಿಸೋಕೆ ಆಗ್ತಿರಲಿಲ್ಲ,” ಎಂದಳು. ಹೆಂಗಸು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಇವತ್ತೇ ಹೋದ್ರು ಅಂತ ಬರೀರಿ,” ಎಂದಳು ಕೊನೆಗೆ. “ಇಷ್ಟು ವರ್ಷ ಆ ಜಾಗದಲ್ಲಿ ಯಾರೋ ಒಬ್ರು ದುಡಿದ್ರು ಅಂತಾದ್ರೂ ಇರಲಿ. ನಿಮ್ಮ ತಲೆ ಮೇಲೂ ಬರೋದು ಬೇಡ.”

ಅಕ್ಕ ಅವತ್ತಿನ ತಾರೀಕು ಒತ್ತಿದಳು. ಕೆಂಪೆಲ್ಲ ಮಾಯವಾಗಿ ಪುಟ ಹಸಿರಾಯಿತು. ನಿಧನ ಎಂದು ಒತ್ತಿದರೆ ಅದು ತನ್ನಷ್ಟಕ್ಕೆ ತಾನೇ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೊರಗೆ ಸಾಲುಸಾಲು ಮೊಬೈಲು ಸದ್ದು ಮಾಡಿದವು. ಬಾಟಲಿ ಸಾಗುವ ಬೆಲ್ಟು ಗಕ್ಕನೆ ನಿಂತಿತು. ಇಬ್ಬರೂ ಗಾಬರಿಯಾಗಿ ಹೊರಗೆ ಬಂದಾಗ ಮೇಲ್ವಿಚಾರಕ ಮೊಬೈಲು ಹಿಡಿದುಕೊಂಡು, ನಮ್ಮ ಕುಟುಂಬದ ಹಿರಿಯ ಸದಸ್ಯರೊಬ್ಬರು ಇಂದು ನಮ್ಮನ್ನು ಅಗಲಿದ್ದಾರೆ ಎಂದು ಗಟ್ಟಿಯಾಗಿ ಓದುತ್ತಿದ್ದ. ಒಂದು ನಿಮಿಷದ ಮೌನಕ್ಕೆ ಎಲ್ಲರೂ ಎದ್ದು ನಿಂತರು.

ಮುಕ್ಕಾಲು ಪಾಲು ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. ಹಳಬರು ಐದಾರು ಮಂದಿ ಇವಳತ್ತ ನೋಡಿ, ವಿಷಯ ಹೊಳೆದು, ತಲೆ ತಗ್ಗಿಸಿದರು. ಹೆಂಗಸು ಹೋಗಿ ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತಳು. ಪಕ್ಕದಲ್ಲಿದ್ದ ಹೊಸ ಹುಡುಗಿ, ಯಾರು ಅಂತ ನಿಮಗೆ ಗೊತ್ತಾ ಆಂಟಿ ಎಂದು ಪಿಸುಗುಟ್ಟಿದ್ದಕ್ಕೆ ಹೂಂ ಎಂದಳು. ಇನ್ನೊಂದು ಬದಿಯಲ್ಲಿ ಅಕ್ಕ ಹೆಂಗಸಿನ ತೋಳು ಹಿಡಿದುಕೊಂಡಿದ್ದಳು. ಅಕ್ಕನಿಗೆ ಕಣ್ಣು ತುಂಬಿ ಎದುರಿನ ಜನವೆಲ್ಲ ಮಸುಕಾಗಿದ್ದರು.

ನಿಮಿಷ ಮುಗಿದು ಬೆಲ್ಟು ಮತ್ತೆ ಹೊರಟಿತು. ಹೆಂಗಸು ತಮ್ಮ ತಮ್ಮ ಜಾಗಕ್ಕೆ ಮರಳುತ್ತಿದ್ದ ಜನರನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದಳು.

“ಅವರು ಹೋದ ದಿನ ಭಟ್ಟಿ ಬಿಟ್ಟು ಬರೋ ಹಾಗಿಲ್ಲ ಅಂತ ಇಲ್ಲಿಂದ ಯಾರೂ ಬಂದಿರಲಿಲ್ಲ ಅಕ್ಕ,” ಎಂದಳು. “ಹೆಗಲು ಕೊಡೋಕೆ ನಾಲ್ಕು ಜನ ಸಿಗಲಿಲ್ಲ.”