ಕಂಡಕ್ಟರ್ ಇಲ್ಲದ ಬಸ್ಸು

ಬಸ್ಸು ಹತ್ತಿದ ಕೂಡಲೇ ಅವನ ಕಣ್ಣು ಹುಡುಕಿದ್ದು ಕಂಡಕ್ಟರನ್ನು. ಮುಂಬಾಗಿಲ ಬಳಿ ಇರಲಿಲ್ಲ, ಹಿಂದಿನ ಸೀಟಿನ ಕಡೆಯೂ ಇರಲಿಲ್ಲ. ಹೆಂಡತಿ ಎರಡು ಕಾರ್ಡುಗಳನ್ನು ಕಂಬಕ್ಕೆ ಅಂಟಿಸಿದ್ದ ಪುಟ್ಟ ಪೆಟ್ಟಿಗೆಗೆ ಮುಟ್ಟಿಸಿದಳು. ಅದು ಎರಡು ಸಲ ‘ಕುಂಯ್’ ಅಂದಿತು, ಮುಗಿಯಿತು.

“ಟಿಕೆಟ್ಟು?”

“ಅದೇ ಟಿಕೆಟ್ಟು. ಈ ಊರಲ್ಲಿ ಕಂಡಕ್ಟರ್ ಇರಲ್ಲ, ಡ್ರೈವರ್ ಒಬ್ರೇ. ಮೆಲ್ಲಗೆ ಮಾತಾಡಿ.”

ಗುಡಿಗೆ ಹೋದವನಿಗೆ ಒಳಗೆ ದೇವರೇ ಇಲ್ಲ ಎಂದು ಹೇಳಿದಂತಾಯಿತು. ಅರ್ಧ ಆಯಸ್ಸು ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಅವನದು. ಹೆಂಡತಿಗೆ ಈ ಪರದೇಶದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ವರ್ಷವಾದ ಮೇಲೆ, ಚರ್ಮದ ಚೀಲವನ್ನು ಡಿಪೋಗೆ ಒಪ್ಪಿಸಿ ಅವಳಿದ್ದಲ್ಲಿಗೆ ವಿಮಾನ ಹತ್ತಿ ಬಂದಿದ್ದ. “ನಾನು ದುಡೀತೀನಿ, ನೀವು ಸ್ವಲ್ಪ ದಿನ ಸುಮ್ನೆ ಇರಿ” ಎಂದಿದ್ದಳು. ದುಡಿಯದೆ ಇರುವುದು ಅಂಥ ಕಷ್ಟವೇನಲ್ಲ, ಸುಮ್ಮನೆ ಇರುವುದೇ ಕಷ್ಟ ಎಂದು ಬಂದ ವಾರದಲ್ಲೇ ಗೊತ್ತಾಗಿತ್ತು. ಇಲ್ಲಿ ಹಾರ್ನ್ ಇಲ್ಲ, ಜಗಳವಿಲ್ಲ. ಪಕ್ಕದ ಮನೆಯವನು ಹಲ್ಲು ತೋರಿಸುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ. ಅಂಗಡಿಗೆ ಹೋದರೆ ದುಡ್ಡು ತೆಗೆದುಕೊಳ್ಳುವುದೂ ಒಂದು ಯಂತ್ರ. ಗಂಟಲು ಇನ್ನೂ ಇದೆಯೋ ಇಲ್ಲವೋ ಎಂದು ಅವನು ಬಚ್ಚಲಲ್ಲಿ ಆಗಾಗ ಕೆಮ್ಮಿ ನೋಡಿಕೊಳ್ಳುತ್ತಿದ್ದ.

ಇವತ್ತು ಆಸ್ಪತ್ರೆಯ ದಾರಿಯಾದರೂ ಗುರುತಾಗಲಿ ಎಂದು ಅವಳ ಜೊತೆ ಹೊರಟಿದ್ದ. ಹಿಂದಿನ ಬಸ್ಸು ಬಂದಿರಲಿಲ್ಲವಾದ್ದರಿಂದ ಇದರಲ್ಲಿ ಜನ ಕಿಕ್ಕಿರಿದಿದ್ದರು. ಆದರೆ ಎಲ್ಲಿ? ಮುಂಬಾಗಿಲ ಹತ್ತಿರ! ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಅಲ್ಲೇ ಒತ್ತಿಕೊಂಡು ನಿಂತು, ಎಲ್ಲರೂ ಫೋನು ನೋಡುತ್ತಿದ್ದರು. ಹಿಂದುಗಡೆ ಚಾಪೆ ಹಾಸಿ ಮಲಗುವಷ್ಟು ಜಾಗ. ಗಂಡಹೆಂಡಿರು ಹೇಗೋ ನುಸುಳಿ ನಡುವಿನ ಕಂಬದ ಹತ್ತಿರ ಬಂದು ನಿಂತರು. ಅವಳು ಕಂಬ ಹಿಡಿದಳು. ಅವನು ಕಾಲು ಅಗಲಿಸಿ ಏನನ್ನೂ ಹಿಡಿಯದೆ ನಿಂತ.

ಮುಂದಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೋಲೂರಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಇನ್ನೊಂದು ಕಾಲಿಡಲು ಜಾಗವಿಲ್ಲ. ಬಾಗಿಲು ಮುಚ್ಚಲಾರದೆ ಕೀಂ ಕೀಂ ಎನ್ನತೊಡಗಿತು. ಡ್ರೈವರ್ ಮೈಕಿನಲ್ಲಿ ಏನೋ ಹೇಳಿದ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು, ಯಾರೂ ಅಲುಗಲಿಲ್ಲ. ಹೆಂಡತಿ ಗಡಿಯಾರ ನೋಡಿಕೊಂಡಳು. ಈ ವಾರ ಒಮ್ಮೆ ತಡವಾಗಿ ಹೋಗಿ ಮೇಲಿನವರಿಂದ ಮಾತು ಕೇಳಿಸಿಕೊಂಡಿದ್ದಳು.

“ರೀ, ನೀವು ಮಾತ್ರ ಸುಮ್ನಿರಿ” ಎಂದಳು, ಅವನ ಮುಖ ನೋಡಿ.

ಅವನು ಸುಮ್ಮನೇ ಇದ್ದ. ಅಜ್ಜಿಯ ಕೋಲು ಜಾರುವವರೆಗೆ.

“ಏ, ಒಳಗೆ ಹೋಗ್ರೀ ಒಳಗೆ! ಹಿಂದೆ ಖಾಲಿ ಹೊಡೀತಿದೆ, ಕಾಣಲ್ವಾ? ಏನು, ಬಾಗಿಲಿಗೇ ತಾಳಿ ಕಟ್ಟಿದೀರಾ? ನಡೀರಿ, ನಡೀತಾ ಇರಿ!”

ವಾರದಿಂದ ಕಟ್ಟಿಟ್ಟಿದ್ದ ಗಂಟಲು ಅದು. ಕಿಟಕಿ ಗಾಜು ಜುಂ ಎಂದಿತು. ಅಷ್ಟೂ ತಲೆಗಳು ಫೋನಿನಿಂದ ಮೇಲೆದ್ದವು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಕೋಟು ತೊಟ್ಟ ಒಬ್ಬ ಒಂದು ಹೆಜ್ಜೆ ಹಿಂದೆ ಸರಿದ. ಅವನ ಹಿಂದೆ ಇನ್ನೊಬ್ಬಳು. ಆಮೇಲೆ ಕಟ್ಟೆ ಒಡೆದ ನೀರಿನಂತೆ ಜನವೆಲ್ಲ ಸರಸರ ಹಿಂದಕ್ಕೆ ಹರಿಯಿತು. ಅವನು ಅಂಗೈ ಬೀಸಿ ದಾರಿ ತೋರಿಸಿದ, ಅಜ್ಜಿಯ ರಟ್ಟೆ ಹಿಡಿದು ಹತ್ತಿಸಿದ, ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದ ಗಡ್ಡದವನನ್ನು ನೋಡಿ, “ಏಳಪ್ಪಾ ರಾಜ, ಅಜ್ಜಿ ಕೂತ್ಕೊಳ್ಲಿ” ಎಂದ. ಒಂದಕ್ಷರವೂ ಅರ್ಥವಾಗದೆ ಗಡ್ಡದವನು ಎದ್ದು ನಿಂತ.

ಅಜ್ಜಿ ಕುಳಿತು, ಸುಧಾರಿಸಿಕೊಂಡು, ಅವನ ಹೆಂಡತಿಯ ಕಡೆ ತಿರುಗಿ ಏನೋ ಕೇಳಿದಳು. ಹೆಂಡತಿ ಚುಟುಕಾಗಿ ಏನೋ ಹೇಳಿದಳು.

“ಏನಂತೆ?”

“ಈ ಮನುಷ್ಯ ಯಾರು ಅಂತ ಕೇಳಿದ್ರು.”

“ನೀನೇನಂದೆ?”

ಅವಳು ಕಿಟಕಿಯಾಚೆ ನೋಡಿದಳು. “ಗೊತ್ತಿಲ್ಲ ಅಂದೆ.”

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಊರಿನಲ್ಲಿ ಅವನ ಬಸ್ಸು ಬಂತೆಂದರೆ ಹೆಸರು ಹಿಡಿದು ಕೂಗುವವರಿದ್ದರು. ಇಲ್ಲಿ ಕಟ್ಟಿಕೊಂಡವಳಿಗೇ ಗುರುತಿಲ್ಲವಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಬಸ್ಸಿನ ಕಂಬ ಹಿಡಿದು, ಉಳಿದವರ ಹಾಗೆ ತಾನೂ ನೆಲ ನೋಡುತ್ತ ನಿಂತ.

ಮುಂದಿನ ಸ್ಟಾಪು ಬಂತು. ಒಂದಷ್ಟು ಜನ ಹತ್ತಿದರು. ಮೊದಲೇ ಒಳಗಿದ್ದವರು ಅವನತ್ತ ಓರೆಗಣ್ಣು ಬೀರಿ, ಹೇಳುವ ಮೊದಲೇ ಹಿಂದೆ ಹಿಂದೆ ಸರಿದುಕೊಂಡರು. ಬಾಗಿಲು ಮುಚ್ಚಿತು. ಬಸ್ಸು ಮಾತ್ರ ಹೊರಡಲಿಲ್ಲ.

ಅವನು ತಲೆಯೆತ್ತಿದ. ಮುಂದಿನ ಉದ್ದನೆಯ ಕನ್ನಡಿಯಲ್ಲಿ ಡ್ರೈವರನ ಎರಡು ಕಣ್ಣುಗಳು ನೆಟ್ಟಗೆ ಅವನನ್ನೇ ನೋಡುತ್ತಿದ್ದವು. ‘ಹಿಂದೆ ಎಲ್ಲ ಸರಿಯಾ?’ ಎನ್ನುವಂತೆ ಹುಬ್ಬು ಮೇಲೇರಿತ್ತು. ಅವನು ಹೆಂಡತಿಯ ಕಡೆ ನೋಡಿದ.

ಅವಳು ಮೊಣಕೈಯಿಂದ ಅವನ ಪಕ್ಕೆ ತಿವಿದಳು.

“ಕಾಯ್ತಿದಾನೆ ಪಾಪ. ‘ರೈಟ್’ ಅನ್ರೀ, ನಂಗೆ ಡ್ಯೂಟಿಗೆ ಹೊತ್ತಾಯ್ತು.”