ಅಕ್ಷರ ಕಾಣುವ ಪರದೆ

“ಸ್ಪೀಕರ್ ಇರೋ ಮಾನಿಟರ್ ತೋರಿಸ್ಲಾ ಸರ್, ಇಲ್ದಿರೋದೇ ಸಾಕಾ?” ತಿಪಟೂರಿನ ಕಂಪ್ಯೂಟರ್ ಅಂಗಡಿಯ ಜ್ಞಾನೇಶ್ ಕೇಳಿದ.

“ಇಲ್ದಿರೋದೇ ತೋರ್ಸಪ್ಪ. ನಮ್ಮ ಹುಡುಗಿಗೆ ಕಿವಿ ಕೇಳ್ಸಲ್ಲ” ಎಂದರು ಶಂಭುಲಿಂಗಯ್ಯ. ಹದಿಮೂರು ವರ್ಷಗಳಿಂದ ಹೇಳಿ ಹೇಳಿ ಸವೆದ ಮಾತು ಅದು. ಹೇಳಿದ ಕೂಡಲೇ ಎದುರಿನವರು ಮಗಳನ್ನು ಬಿಟ್ಟು ತಮ್ಮೊಡನೆಯೇ ಮಾತಿಗಿಳಿಯುವುದೂ ಅವರಿಗೆ ರೂಢಿಯಾಗಿತ್ತು. ಜ್ಞಾನೇಶ್ ಹಾಗೆ ಮಾಡಲಿಲ್ಲ. ಗಲ್ಲಾದ ಹಿಂದಿನಿಂದ ಎದ್ದು ಬಂದು, ಇಂಪನಾಳ ಎದುರಿಗೆ ತುಟಿ ಕಾಣುವಂತೆ ನಿಂತು ನಿಧಾನವಾಗಿ ಕೇಳಿದ: “ಯಾವ ಥರದ ಆಟ ಆಡ್ತೀರಾ ಮೇಡಂ?”

ಆರನೆಯ ವಯಸ್ಸಿನಲ್ಲಿ ಬಂದ ಜ್ವರ ಇಂಪನಾಳ ಕಿವಿಯನ್ನು ಒಯ್ದು ಮಾತನ್ನು ಉಳಿಸಿ ಹೋಗಿತ್ತು. “ಗನ್ ಹಿಡ್ಕೊಂಡು ನಾಲ್ಕು ಜನ ಸೇರಿ ಆಡೋದು” ಎಂದಳು, ಏರಿಳಿತವಿಲ್ಲದ ದನಿಯಲ್ಲಿ. “ಹಳೇದ್ರಲ್ಲಿ ದೂರ ಇರೋರು ಕಾಣಲ್ಲ. ಅಕ್ಷರಾನೂ ಕಲಸ್ಕೊಂಡಂಗೆ ಇರ್ತವೆ. ಇಪ್ಪತ್ತು ಸಾವಿರದೊಳಗೆ ಒಳ್ಳೇದು ಬೇಕು.”

ಆಟಕ್ಕೆ ಇಪ್ಪತ್ತು ಸಾವಿರ ಯಾಕೆ ಎಂದು ತಮ್ಮೂರು ಹಾಲ್ಕುರಿಕೆಯಿಂದ ಬರುವ ದಾರಿಯುದ್ದಕ್ಕೂ ಶಂಭುಲಿಂಗಯ್ಯನವರಿಗೆ ಅನ್ನಿಸಿತ್ತು. ಕಾಲೇಜಿನಿಂದ ಬಂದವಳೇ ಕೋಣೆ ಸೇರಿ ಒಬ್ಬಳೇ ಕೂರುವ ಮಗಳಿಗೆ ಬೇರೆ ಏನು ಕೊಡಿಸಬೇಕೆಂದು ತಿಳಿಯದೆ ಒಪ್ಪಿದ್ದರು. ಜ್ಞಾನೇಶ್ ಫೋನಿನಲ್ಲಿ ಹೇಳಿದ್ದಂತೆ ಅವಳ ಸಿಪಿಯುವನ್ನೂ ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು.

ಜ್ಞಾನೇಶ್ ಅದನ್ನು ಮೊದಲು ತುಂಬ ಸ್ಪಷ್ಟ ಚಿತ್ರದ ಫೋರ್ ಕೆ ಮಾನಿಟರ್‌ಗೆ ಜೋಡಿಸಿದ. ಆಟ ತೆರೆದಾಗ ಪರದೆಯ ಮೇಲಿನ ಮರದಲ್ಲಿ ಎಲೆ ಎಲೆಯೂ ಬೇರೆಯಾಗಿ ಕಂಡಿತು. ಶಂಭುಲಿಂಗಯ್ಯನವರು ಬಗ್ಗಿ ನೋಡಿ, “ಚೆನ್ನಾಗೈತೆ ಕಣಪ್ಪ. ಇದನ್ನೇ ಕೊಟ್ಬುಡು” ಎಂದರು.

“ಬೇಡ ಸರ್. ದುಡ್ಡೂ ಡಬಲ್ಲು, ಇದನ್ನ ಎಳೆಯೋ ಶಕ್ತಿ ಇವ್ರ ಗ್ರಾಫಿಕ್ಸ್ ಕಾರ್ಡಿಗೂ ಇಲ್ಲ. ಆಟದಲ್ಲಿ ತಿರುಗಿದಾಗ ನೋಡಿ, ಚಿತ್ರ ತಡವರಿಸ್ತಿದೆ.” ಅವನು ತಂತಿ ಬಿಚ್ಚಿ ಪಕ್ಕದ, ಸ್ವಲ್ಪ ಕಡಿಮೆ ಸ್ಪಷ್ಟತೆಯ ಟೂ ಕೆ ಮಾನಿಟರ್‌ಗೆ ಸಿಕ್ಕಿಸಿದ. “ಇಪ್ಪತ್ತೇಳು ಇಂಚು, ಹದಿನೆಂಟೂವರೆ ಸಾವಿರ. ಇದು ಸಾಕು. ಒಂದು ಆಟ ಆಡೇ ನೋಡ್ಲಿ.”

ಇಂಪನಾ ಫೋನಿನಲ್ಲಿ ಯಾರಿಗೋ ಏನೋ ಬರೆದಳು. ಐದು ನಿಮಿಷದಲ್ಲಿ ಅವಳ ತಂಡ ಸೇರಿತು. ಕುರ್ಚಿಯ ಹಿಂದೆ ನಿಂತ ಶಂಭುಲಿಂಗಯ್ಯನವರಿಗೆ ಕಂಡದ್ದು ಒಣಬಯಲು, ಪಾಳು ಮನೆಗಳು, ಓಡುವ ನಾಲ್ಕು ಬೊಂಬೆಗಳು. ಪರದೆಯ ಮೂಲೆಯಲ್ಲಿ ಮಾತ್ರ ಒಂದೊಂದೇ ಸಾಲು ಮೂಡುತ್ತಿತ್ತು. ಇಂಗ್ಲಿಷ್ ಅಕ್ಷರ, ಕನ್ನಡದ ಮಾತು. ಕನ್ನಡಕ ಏರಿಸಿ ಕೂಡಿಸಿ ಕೂಡಿಸಿ ಓದಿದರು. ‘ಅಕ್ಕಾ, ಎಡಕ್ಕೆ ಹೆಜ್ಜೆ ಸದ್ದು.’ ಇಂಪನಾ ಎಡಕ್ಕೆ ತಿರುಗಿದಳು. ‘ಮೇಲ್ಗಡೆ ಬಾಗಿಲು ತೆಗೆದ್ರು.’ ಅವಳ ಬಂದೂಕು ಮೇಲಕ್ಕೆ ಹೋಯಿತು. ‘ಹಿಂದೆ ಗಾಡಿ ಬರ್ತಿದೆ, ಇನ್ನೂ ದೂರ.’

ಆಟ ಮುಗಿಯುವವರೆಗೆ ಕಾದು ಮಗಳ ಭುಜ ತಟ್ಟಿದರು. “ಇದ್ಯಾರವ್ವ ಬರೀತಿರೋದು?”

“ನಮ್ಮ ಟೀಮು. ಒಬ್ಬ ಗಂಗಾವತಿಯೋನು, ಒಬ್ಬಳು ಪುತ್ತೂರು, ಇನ್ನೊಬ್ಬ ಶಿರಾ. ಎಲ್ಲಾರೂ ಮೈಕಲ್ಲಿ ಮಾತಾಡ್ತಾರೆ, ಇವ್ರು ನಂಗೋಸ್ಕರ ಬರೀತಾರೆ. ಅವ್ರಿಗೆ ಕೇಳ್ಸಿದ್ದೆಲ್ಲ.”

“ಎಷ್ಟು ದಿನದಿಂದ?”

“ಎರಡು ವರ್ಷ ಆಯ್ತು ಅಪ್ಪಾಜಿ. ಬರೆಯೋಕೋಗಿ ಎಷ್ಟೋ ಸಲ ಅವ್ರೇ ಗುಂಡು ತಿಂತಾರೆ. ಹಳೇ ಮಾನಿಟರಲ್ಲಿ ನಾನು ಅದನ್ನ ಓದೋಷ್ಟರಲ್ಲಿ ನಂಗೂ ಬಿದ್ದಿರೋದು.”

ಶಂಭುಲಿಂಗಯ್ಯನವರು ಮತ್ತೆ ಆ ಸಾಲುಗಳತ್ತ ನೋಡಿದರು. ಮದುವೆ ಮನೆಗಳಲ್ಲಿ ಎಲ್ಲರೂ ಘೊಳ್ಳೆಂದು ನಕ್ಕಾಗ ಅವಳು ತೋಳು ಜಗ್ಗಿ ಏನೆಂದು ಕೇಳುವುದಿತ್ತು. ‘ಆಮೇಲೆ ಹೇಳ್ತೀನಿ, ಬುಡು’ ಎನ್ನುತ್ತಿದ್ದರು. ಆಮೇಲೆ ಹೇಳಿದ್ದು ಒಂದು ಸಲವೂ ನೆನಪಾಗಲಿಲ್ಲ. ಯಾವುದೋ ಊರಿನ, ಮುಖ ಕಾಣದ ಮೂವರು ಮಕ್ಕಳು ಒಂದು ಹೆಜ್ಜೆಯ ಸದ್ದನ್ನೂ ಅವಳಿಗೆ ತಪ್ಪಿಸದೆ ಹೇಳುತ್ತ ಬಂದಿದ್ದರು, ಅವಳಾಗಿ ಕೇಳದಿದ್ದರೂ.

“ಇದೇ ಇರ್ಲಿ ಕಣಪ್ಪ” ಎಂದು ಜ್ಞಾನೇಶನಿಗೆ ಹೇಳಿದರು. “ಆ ದುಬಾರಿದನ್ನ ಮಾರಿ ಕಳಿಸ್ಬೋದಿತ್ತು ನೀನು. ಉಪಕಾರ ಆಯ್ತು.” ಬಳಿಕ ಮಗಳ ಕಡೆ ತಿರುಗಿ, ತುಟಿ ಕಾಣುವಂತೆ ನಿಧಾನವಾಗಿ, “ಅವ್ರಿಗೆ ನಾನೊಂದು ಮಾತು ಬರೀಬೋದೇನವ್ವ?” ಎಂದರು.

ಅಷ್ಟರಲ್ಲಿ ಎರಡನೆಯ ಆಟ ಶುರುವಾಗಿತ್ತು. ಇಂಪನಾ ಬೇಗ ಬೇಗ ‘ನಮ್ಮಪ್ಪ ಬರೀತಾರಂತೆ, ತಡೀರಿ’ ಎಂದು ಬರೆದು ಕುರ್ಚಿ ಬಿಟ್ಟುಕೊಟ್ಟಳು.

ಶಂಭುಲಿಂಗಯ್ಯನವರು ಕೂತು ಕೀಬೋರ್ಡಿನತ್ತ ತೋರುಬೆರಳು ಚಾಚಿದರು. ಕೊಬ್ಬರಿಗೆಂದು ಬಿಟ್ಟ ಮರದಿಂದ ಬೀಗರಿಗೂ ಒಂದು ಎಳನೀರು ಕೀಳಿಸದ ಆಸಾಮಿ, ‘ನಮ್ಮ ತೋಟಕ್ಕೆ ಬನ್ನಿ, ಎಳನೀರು ಕುಡಿಸ್ತೀನಿ’ ಎಂದು ಬರೆಯಲು ಹೊರಟಿದ್ದರು. ಇಂಗ್ಲಿಷಿನ ಎನ್ ಸಿಕ್ಕಿತು. ಎ ಎಲ್ಲಿದೆಯೆಂದು ಹುಡುಕಿದರು.

ಮಗಳು ಅವರ ಭುಜ ಹಿಡಿದು ಪರದೆಯತ್ತ ಕೈ ತೋರಿದಳು. ಬಟ್ಟಬಯಲಿನಲ್ಲಿ ಅಲುಗಾಡದೆ ನಿಂತಿದ್ದ ಅವಳ ಬೊಂಬೆಯ ಸುತ್ತ ಉಳಿದ ಮೂವರೂ ಓಡಿ ಬಂದಿದ್ದರು. ಅದಕ್ಕೆ ಬೆನ್ನು ಕೊಟ್ಟು, ಮೂರು ದಿಕ್ಕಿಗೆ ಬಂದೂಕು ಹಿಡಿದು, ಅವರು ಮುಂದಿನ ಅಕ್ಷರಕ್ಕಾಗಿ ಕಾಯುತ್ತಿದ್ದರು.