ಮೈ ಬಿಸಿ

"ಹೆದರಬೇಡಿ ಅಮ್ಮಾ, ಮುಟ್ಟಿ ನೋಡಿ," ಎಂದಳು ಸರ್ಜನ್.

ಬೆಚ್ಚನೆಯ ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಹಾಲುಬಣ್ಣದ ಕೊಳವೆಯೊಂದು ಮಿಡಿಯುತ್ತಿತ್ತು. ಪಂಪು ಅದರೊಳಗೆ ಕೆಂಪು ನೀರನ್ನು ನೂಕುತ್ತಿತ್ತು. ಮಗಳ ಸ್ಕ್ಯಾನ್ ನೋಡಿ ಸಿಲಿಕೋನಿನಲ್ಲಿ ಎರಕ ಹೊಯ್ದ, ಅವಳ ಎದೆಯ ರಕ್ತನಾಳದ ತದ್ರೂಪ. ಅದೇ ಬಾಗು, ಅದೇ ಕವಲು, ನಡುವೆ ದ್ರಾಕ್ಷಿಯಂಥ ಅದೇ ಉಬ್ಬು. ಮಗಳ ಎದೆಯಲ್ಲಿ ಆ ಉಬ್ಬು ಒಡೆಯುವ ಮೊದಲೇ ಆಪರೇಷನ್ ಆಗಬೇಕು. ತಾಯಿ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ.

ಅವಳು ಮೆಲ್ಲನೆ ಬೆರಳಿಟ್ಟಳು. ಬೆರಳಡಿಯಲ್ಲಿ ಡವಡವ. ಹೊಟ್ಟೆಯಲ್ಲಿದ್ದಾಗ ಒದ್ದವಳು, ಎದೆಗೊರಗಿ ನಿದ್ದೆಹೋದವಳು. ಆ ಪುಟ್ಟ ಮೈಯೊಳಗೆ ಇಂಥದೊಂದು ಕೊಂಬೆ ಸದ್ದಿಲ್ಲದೆ ಚಿಗುರಿತ್ತೇ!

"ಏನು ನಯ! ಯಾವ ಪುಣ್ಯಾತ್ಮರು ಮಾಡಿದ್ರು ಇದನ್ನ?"

"ಮೇಲಿನ ಮಹಡಿಯ ಲ್ಯಾಬಿನವರು. ಆದ್ರೆ ಮೊದಲು ಮಾಡಿದ್ದು ನೀವೇ ಅಲ್ವಾ? ಅವರು ನಿಮ್ಮದನ್ನ ಕಾಪಿ ಹೊಡೆದ್ರು ಅಷ್ಟೆ."

ತಾಯಿಗೆ ನಗು ಬಂತು. ಸರ್ಜನ್ ಕೂದಲಿನಷ್ಟು ಸಣ್ಣ ತಂತಿಯನ್ನು ಕೊಳವೆಯೊಳಗೆ ತೂರಿಸಿದಳು. ಅದು ಬಾಗು ದಾಟಿತು, ಕವಲು ದಾಟಿತು, ಉಬ್ಬಿನ ಬಳಿ ತುಸು ಜಾರಿತು. ಉಬ್ಬು ಹರಿದು ತೊಟ್ಟಿಯ ನೀರೆಲ್ಲ ಕೆಂಪಾಯಿತು.

"ಅಯ್ಯೋ, ನನ್ನ ಕೂಸೇ!" ತಾಯಿ ಎರಡೂ ಕೈಯಿಂದ ತೊಟ್ಟಿಯನ್ನು ಅವುಚಿಕೊಂಡಳು.

ಸರ್ಜನ್ ಪಂಪು ನಿಲ್ಲಿಸಿದಳು. ಅವಳ ಹಣೆಯೂ ಬೆವರಿತ್ತು. "ನಿನ್ನೆಯೂ ಇಲ್ಲೇ ಹರೀತು. ಎಡಕ್ಕೆ ತಿರುಗಿಸ್ಬೇಕಿತ್ತು, ಈಗ ಗೊತ್ತಾಯ್ತು."

"ಮತ್ತೆ ನನ್ನ ಮಗಳಿಗೆ..."

"ಇದು ಹರಿದ್ರೆ ಇನ್ನೊಂದಿದೆ ಅಮ್ಮಾ. ಪುಟ್ಟಿ ಒಬ್ಬಳೇ. ಅದಕ್ಕೇ ನನ್ನ ತಪ್ಪೆಲ್ಲ ಇಲ್ಲೇ ಮಾಡಿ ಮುಗಿಸ್ಬೇಕು. ಇದು ಕರಗತ ಆಗೋವರೆಗೂ ನಾನು ಅವಳನ್ನ ಮುಟ್ಟಲ್ಲ."

ಅವಳು ತೊಟ್ಟಿ ತೊಳೆದು, ಹೊಸ ಕೊಳವೆ ಜೋಡಿಸಿ, ಹೊಸ ನೀರು ತುಂಬಿದಳು. ಮತ್ತೆ ಮಿಡಿತ ಶುರುವಾಯಿತು.

"ನೀವು ಆಪರೇಷನ್ ಬೇಡ ಅಂದ್ರೂ ನಂಗೆ ಬೇಜಾರಿಲ್ಲ," ಎನ್ನುತ್ತ ಸರ್ಜನ್ ತಂತಿ ಎತ್ತಿಕೊಂಡಳು.

"ಸ್ವಲ್ಪ ತಡೀರಿ."

ತಾಯಿ ತೋಳು ಮಡಿಸಿ, ಮಗುವಿನ ಸ್ನಾನದ ನೀರು ನೋಡುವಂತೆ, ಮೊಣಕೈಯನ್ನು ತೊಟ್ಟಿಯೊಳಗೆ ಅದ್ದಿದಳು.

"ತಣ್ಣಗಿದೆ ಡಾಕ್ಟ್ರೇ. ನಡುಗಿಬಿಡ್ತಾಳೆ. ಇನ್ನೊಂಚೂರು ಬೆಚ್ಚಗಾಗ್ಲಿ, ಆಮೇಲೆ ಶುರು ಮಾಡಿ."